ಐವತ್ತನಾಲ್ಕು ತೆಂಗಿನಕಾಯಿಯ ತೂಕ

ನಮ್ಮ ಕಡೆ ಈ ಕಥೆಯನ್ನು ಮೂರೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. ಕೋಟದ ಹತ್ತಿರದ ಒಂದು ಮನೆಯಲ್ಲಿ ಮಡಿ ಹೆಂಗಸೊಬ್ಬಳು ಕದ್ದು ತಿಂದು ಊದಿಕೊಂಡಳು. ದವಾಖಾನೆಯ ಕಂಪೌಂಡರ ಬಂದು, ತೂಗಿ ನೋಡಿ, ಬಾಯಿ ಕಟ್ಟಿಸಿ ಅವಳನ್ನು ಇಳಿಸಿದ. ಅವನು ಕೈಬಿಟ್ಟದ್ದೇ ಅವಳು ಮತ್ತೆ ಊದಿಕೊಂಡಳು. ಕೇಳುವವರು ತಲೆಯಾಡಿಸುತ್ತಾರೆ. ಮನಸ್ಸು ಗಟ್ಟಿ ಇಲ್ಲದವರ ಹಣೆಬರಹ ಇಷ್ಟೇ ಎನ್ನುತ್ತಾರೆ.

ಆ ಕಂಪೌಂಡರ ನಾನು. ಮೂರರಲ್ಲಿ ಒಂದು ಮಾತೂ ನಿಜವಲ್ಲ. ನನ್ನನ್ನು ಹೊಗಳುವ ಕಥೆಯನ್ನು ನಾನೇ ಸುಳ್ಳೆನ್ನುತ್ತಿದ್ದೇನೆಂದರೆ, ಅದರಲ್ಲಿ ನನಗೇನೂ ಲಾಭವಿಲ್ಲ ಎಂಬುದನ್ನಾದರೂ ಓದುವವರು ಒಪ್ಪಬೇಕು.

ಯುದ್ಧದ ವರ್ಷಗಳು. ಬರ್ಮಾದ ಅಕ್ಕಿ ನಿಂತುಹೋಗಿತ್ತು. ಅನುಕೂಲ ಇದ್ದ ಮನೆಯವರೂ ಉಗ್ರಾಣಕ್ಕೆ ಬೀಗ ಹಾಕಿ ಸೇರು ಹಿಡಿದು ಅಳೆಯತೊಡಗಿದ್ದರು. ದವಾಖಾನೆಯಲ್ಲಿ ಕ್ವಿನೈನ್ ಇಲ್ಲ, ಚಳಿಜ್ವರದವರ ಸಾಲು ಮಾತ್ರ ಇತ್ತು. ಅಂಥ ಒಂದು ಬೆಳಿಗ್ಗೆ ಆ ಮನೆಯ ಯಜಮಾನರು ಬಂದು ಡಾಕ್ಟರ ಎದುರು ಕೂತರು.

“ನನ್ ತಂಗಿ ಡಾಕ್ಟ್ರೇ. ಸಣ್ಣದ್ರಲ್ಲೇ ಗಂಡ ಹೋದ. ಇಪ್ಪತ್ತೈದ್ ವರ್ಷದಿಂದ ನಮ್ಮನಿ ಒಲಿ ಕಾಂಬುದ್ ಅವ್ಳೇ. ಈಗೊಂದ್ ವರ್ಷದಿಂದ ಮೈ ಊದುದೇ ಊದುದ್. ಬೆಳಿಗ್ಗೆ ಏಳುದಿಲ್ಲೆ. ಒಲಿ ಎದ್ರ್ ಕೂಕಂಡೇ ನಿದ್ರಿ. ಒಪ್ಪೊತ್ತ್ ಉಂಬು ಹೆಂಗ್ಸ್ ಹೀಂಗ್ ಊದುಕ್ ಆತ್ತಾ? ನೀವೇ ಹೇಳಿ.”

ಅವರು ಕೇಳಿದ್ದು ಪ್ರಶ್ನೆಯಲ್ಲ. ಉತ್ತರವನ್ನು ಮನೆಯಿಂದಲೇ ತಂದಿದ್ದರು. ಡಾಕ್ಟರು ಕಿವಿಯಿಂದ ಸ್ಟೆತಾಸ್ಕೋಪ್ ತೆಗೆಯದೆ ನನ್ನ ಕಡೆ ತಿರುಗಿದರು. “ನೀ ಹೋಯ್ ಕಂಡ್ಕಂಡ್ ಬಾ. ತೂಕ ತೆಗಿ, ಪಥ್ಯ ಬರ್ಕೊಡು. ವಾದ ಮಾಡುಕ್ ಹೋಗ್ಬೇಡ.”

ಕೊನೆಯ ಮಾತು ಸುಮ್ಮನೆ ಬಂದದ್ದಲ್ಲ. ಮಂಗಳೂರಿನ ಕಾಲೇಜಿನ ಚರ್ಚಾಕೂಟದಲ್ಲಿ ನಾನು ಎರಡು ವರ್ಷ ಸೋತವನಲ್ಲ. ಊರಿಗೆ ಬಂದ ಮೇಲೆ ತಾಳಮದ್ದಳೆಯಲ್ಲಿ ಕೂತರೆ ಎದುರಿನ ಅರ್ಥಧಾರಿ ನೀರು ಕೇಳಬೇಕು, ಹಾಗೆ ಮಾತಾಡುತ್ತಿದ್ದೆ. ಕೂಟದಲ್ಲಿ ನಮಗೊಂದು ನಿಯಮವಿತ್ತು. ಎದುರಾಳಿ ಎದ್ದು ಉತ್ತರ ಕೊಡಲಿಲ್ಲವೆಂದರೆ ಅವನು ಒಪ್ಪಿದ ಹಾಗೆ.

ಆ ಮನೆಯಲ್ಲಿ ಎಲ್ಲರೂ ಅವರನ್ನು ಅತ್ತೆ ಎನ್ನುತ್ತಿದ್ದರು. ನಾನೂ ಅತ್ತೆ ಎಂದೆ. ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಎಳೆದುಕೊಂಡು ಅಡುಗೆಮನೆಯ ಹೊಸ್ತಿಲ ಒಳಗೆ ಕೂತಿದ್ದರು. ಮುಖ ಊದಿ ಕಣ್ಣು ಸಣ್ಣದಾಗಿತ್ತು. ನಾನು ಜಗಲಿಯಲ್ಲಿ. ಅವರು ಮಡಿಯಲ್ಲಿದ್ದರು, ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಅವರು ಮತ್ತೆ ಮಿಂದು, ಮತ್ತೆ ಒಲೆ ಹೊತ್ತಿಸಿ, ಮನೆಗೆ ಮನೆಯೇ ಊಟಕ್ಕೆ ಕಾಯಬೇಕು. ಹಾಗಾಗಿ ನಾಡಿ ಹಿಡಿಯಲಿಲ್ಲ. ಹಿಡಿಯುವ ಬೇರೆ ದಾರಿ ಇದೆಯೇ ಎಂದು ಯೋಚಿಸಲೂ ಇಲ್ಲ.

ತೂಕದ್ದು ಮಾತ್ರ ದೊಡ್ಡ ತೊಡಕಾಯಿತು. ದವಾಖಾನೆಯ ತೂಕದ ಯಂತ್ರಕ್ಕೆ ಊರೆಲ್ಲ ಕಾಲಿಟ್ಟಿದೆ, ಅತ್ತೆ ಹತ್ತುವುದಿಲ್ಲ. ಅಂಗಡಿಯ ಕಬ್ಬಿಣದ ತೂಕದ ಕಲ್ಲುಗಳೂ ಮಡಿಗೆ ಆಗವು.

“ತೂಗುಕಾ?” ಎಂದು ಅತ್ತೆ ನಕ್ಕರು. ದನಿ ದಪ್ಪವಾಗಿ, ನಿಧಾನಕ್ಕೆ, ಬಾಯಲ್ಲಿ ಏನೋ ಇಟ್ಟುಕೊಂಡವರ ಹಾಗೆ ಬರುತ್ತಿತ್ತು. “ತುಲಾಭಾರವಾ ಮಾಣಿ? ನನ್ನ ಹೆಸ್ರಲ್ ಹರಕಿ ಹೇಳ್ಕಂಡವ್ರ್ ಯಾರ್?”

ತುಲಾಭಾರ ಎಂದದ್ದೇ ದಾರಿ ಸಿಕ್ಕಿತು. ದೇವಸ್ಥಾನದಲ್ಲಿ ತೆಂಗಿನಕಾಯಿ ಇಟ್ಟೇ ತೂಗುತ್ತಾರಲ್ಲ. ಕಾಯಿಗೆ ಮೈಲಿಗೆ ಇಲ್ಲ. ಭತ್ತದ ಕೊಟ್ಟಿಗೆಯ ತೊಲೆಗೆ ಒಂದು ಗಟ್ಟಿ ಮರದ ಅಡ್ಡವನ್ನು ಸರಿಮಧ್ಯಕ್ಕೆ ಕಟ್ಟಿ ತೂಗಹಾಕಿದೆ. ಒಂದು ತುದಿಗೆ ಹೊಸ ತೆಂಗಿನ ಹಗ್ಗದಲ್ಲಿ ಅವರದೇ ಊಟದ ಮಣೆ, ಇನ್ನೊಂದು ತುದಿಗೆ ಹುಲ್ಲು ಹೊರುವ ಹಗ್ಗದ ಬಲೆ. ಬರಿದೇ ಇದ್ದಾಗ ಅಡ್ಡ ನೆಟ್ಟಗೆ ನಿಲ್ಲುವವರೆಗೆ ಗಂಟು ಸರಿಸಿದೆ. ಅಂದೇ ಕೊಯ್ದ ಕಾಯಿಗಳನ್ನು ಸಿಪ್ಪೆ ಸಮೇತ ಒಂದೊಂದೇ ಬಲೆಗೆ ಹಾಕಿದೆ. ಐವತ್ತನಾಲ್ಕಕ್ಕೆ ಅತ್ತೆಯ ಕಾಲು ನೆಲ ಬಿಟ್ಟಿತು. ಅವೇ ಕಾಯಿಗಳನ್ನು ಇದಕ್ಕೆಂದೇ ಕೊಟ್ಟಿಗೆಯ ಮೂಲೆಯಲ್ಲಿ ರಾಶಿ ಹಾಕಿಸಿ, ಯಾರೂ ಮುಟ್ಟಬಾರದು ಎಂದೆ. ಪ್ರತಿ ಸಲ ಬೇರೆ ಬೇರೆ ಕಾಯಿ ಇಟ್ಟರೆ ಲೆಕ್ಕ ಕೆಡುತ್ತದೆ, ತೂಗುವ ಕಲ್ಲು ಬದಲಾಗಬಾರದು, ಇದು ನನ್ನ ಜಾಣತನ. ಎರಡು ಕಾಯಿ, ಮೂರು ಕಾಯಿ ಹೆಚ್ಚು ಬೇಕಾದರೆ ಇರಲಿ ಎಂದು ಅದೇ ಕೊಯ್ಲಿನ ಇನ್ನೊಂದು ಹತ್ತು ಕಾಯಿಯನ್ನೂ ಅಲ್ಲೇ ಇಡಿಸಿದೆ.

ಪಥ್ಯ ಬರೆದುಕೊಟ್ಟೆ. ಮಧ್ಯಾಹ್ನ ಎರಡು ಸೌಟು ಗಂಜಿ, ಕಾಯಿ ಹಾಕದ ಪದಾರ್ಥ. ಸಂಜೆಯ ಅವಲಕ್ಕಿ ಬಂದ್. ಹಗಲು ಮಲಗುವಂತಿಲ್ಲ. ಮನೆಯ ಕೆರೆಗೆ ದಿನಕ್ಕೆ ಹತ್ತು ಸುತ್ತು.

ವಾರಕ್ಕೊಮ್ಮೆ ಸೈಕಲ್ಲಿನಲ್ಲಿ ಹೋಗಿ ನೋಡುತ್ತಿದ್ದೆ. ಅತ್ತೆ ನಾಲ್ಕನೇ ಸುತ್ತಿಗೆ ಕೆರೆಯ ಕಟ್ಟೆಯ ಮೇಲೆ ನಿಂತುಬಿಡುತ್ತಿದ್ದರು.

“ಕಾಲ್ ನಂದಲ್ಲ ಅನ್ಸತ್ತ್ ಮಾಣಿ. ಬೇರೆಯವ್ರ ಕಾಲ್ ಎತ್ತಿ ಎತ್ತಿ ಇಟ್ಟಂಗ್ ಆತ್ತ್.”

“ಮನ್ಸ್ ಮಾಡ್ಕ್ ಅತ್ತೆ. ಮನ್ಸಿದ್ರೆ ಎಲ್ಲ ಆತ್ತ್.”

“ಮನ್ಸ್ ಮಾಡುಕೂ ಶಕ್ತಿ ಬೇಕಲ್ದಾ? ಬೆಳಿಗ್ಗೆ ಕಣ್ಣ್ ಬಿಡ್ಕಾರೇ ಯಾರನ್ನಾರೂ ಕರೀಕ್ ಅನ್ಸತ್ತ್.” ಹಾಗೆ ಹೇಳಿ ಮತ್ತೆ ನಡೆದರು. ಹತ್ತು ಸುತ್ತು ಮುಗಿಸಿದರು. ನಾನು ಎಣಿಸುತ್ತಾ ನಿಂತಿದ್ದೆ.

ಮೂರನೇ ವಾರ ತೂಗಿದೆ. ಐವತ್ತನಾಲ್ಕು ಕಾಯಿ ಹಾಕಿದರೂ ಮಣೆ ಏಳಲಿಲ್ಲ. ಒಂದು ಹಾಕಿದೆ, ಇನ್ನೊಂದು ಹಾಕಿದೆ. ಐವತ್ತೇಳಕ್ಕೆ ಎದ್ದಿತು. ಮನೆಯವರೆಲ್ಲ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದರು. ಯಜಮಾನರ ಹೆಂಡತಿ, “ಗಂಜಿ ಕುಡ್ದೂ ಮೂರ್ ಕಾಯಿ ಏರ್ತ್ ಅಂಬ್ರ್” ಎಂದು ಹೇಳಿ ಬಾಯಿಗೆ ಸೆರಗು ಒತ್ತಿಕೊಂಡರು.

ಅತ್ತೆ ಇನ್ನೂ ಮಣೆಯ ಮೇಲೇ ಇದ್ದರು. ನಾನು ಶುರು ಮಾಡಿದೆ.

“ಅತ್ತೆ, ಹೊರಗಿಂದ ಒಳಗ್ ಹೋಗ್ದೆ ತೂಕ ಏರುದಿಲ್ಲೆ. ಒಪ್ತ್ರಿಯಾ?”

“ಹೌದಾಯ್ಕ್.”

“ನಾ ಬರ್ಕೊಟ್ಟಷ್ಟೇ ಉಂಡಿದ್ರೆ ಇಳಿಕಿತ್ತ್. ಒಪ್ತ್ರಿಯಾ?”

“ನಂಗೆಂತ ಗೊತ್ತಿತ್ತ್ ಮಾಣಿ.”

“ಇಳಿಲಿಲ್ಲೆ. ಏರ್ತ್. ಹಾಂಗಾರೆ ಬರ್ಕೊಟ್ಟದ್ದಕ್ಕಿಂತ ಹೆಚ್ಚ್ ಒಳಗ್ ಹೋಯಿತ್ತ್. ಬೇರೆ ದಾರಿ ಇದ್ರೆ ನೀವೇ ಹೇಳಿ.”

ಎರಡು ಕೈಯಲ್ಲೂ ಹಗ್ಗ ಹಿಡಿದುಕೊಂಡು ಅತ್ತೆ ಎದುರಿನ ಕಾಯಿಗಳನ್ನೇ ನೋಡಿದರು. ಏನಾದರೂ ಹೇಳುತ್ತಾರೇನೋ ಎಂದು ಕಾದೆ. ಹೇಳಲಿಲ್ಲ. ಕೂಟದಲ್ಲಿ ಗಂಟೆ ಹೊಡೆದ ಮೇಲೆ ಆಗುತ್ತಿದ್ದ ಹಿತವೇ ಅವತ್ತೂ ನನಗಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಯಜಮಾನರು ಮುಂದೆ ಬಂದು ಕೈ ಚಾಚಿದರು. ಅತ್ತೆ ಮಣೆಯಿಂದ ಇಳಿದು, ಸೊಂಟದಿಂದ ಉಗ್ರಾಣದ ಬೀಗದ ಕೈ ಬಿಚ್ಚಿ, ಅಣ್ಣನ ಕೈಗೆ ಕೊಡದೆ ಮಣೆಯ ಮೇಲಿಟ್ಟರು. ಮಡಿಯಲ್ಲಿದ್ದರಲ್ಲ. ಮರುದಿನದಿಂದ ಒಲೆಯೂ ಅವರದಲ್ಲ ಎಂದಾಯಿತು. ಬಚ್ಚಲಿನ ಪಕ್ಕ ಸೂರು ಹೊರಕ್ಕೆ ಇಳಿಸಿ ಮಾಡಿದ ಚಾಚುಮಾಡಿನಡಿ ಅವರ ಚಾಪೆ ಹೋಯಿತು.

ಮತ್ತೆರಡು ವಾರ ಕಳೆದು ಹೋದಾಗ ಅತ್ತೆ ಏಳಲಾರದೆ ಮಲಗಿದ್ದರು. ಕಾಯುತ್ತಾ ಕೊಟ್ಟಿಗೆಯಲ್ಲಿ ಕೂತು, ಕೈಗೆ ಸಿಕ್ಕಿದ ಒಂದು ಕಾಯಿ ಎತ್ತಿದೆ. ಒಳಗೆ ನೀರು ಕುಲುಕಿತು. ಬೇರೊಂದು ಎತ್ತಿ ಅಲ್ಲಾಡಿಸಿದೆ, ಅದೂ ಕುಲುಕಿತು. ಸಿಪ್ಪೆ ಬಣ್ಣ ಕೆಟ್ಟು ಒಣಗಿ ಹಗುರಾಗಿತ್ತು. ಅಂಗಳದಲ್ಲಿ ಆ ಬೆಳಿಗ್ಗೆ ಕೊಯ್ದು ಹಾಕಿದ ಕಾಯಿಗಳಿದ್ದವು. ಹಳೆಯವು ಹತ್ತು ಒಂದು ಕಡೆ, ಹೊಸವು ಹತ್ತು ಇನ್ನೊಂದು ಕಡೆ ಕಟ್ಟಿ ಅಡ್ಡಕ್ಕೆ ತೂಗಹಾಕಿದೆ. ಅಡ್ಡ ಹೊಸದರ ಕಡೆಗೆ ವಾಲಿತು. ಹೊಸದರಲ್ಲಿ ಒಂದನ್ನು ತೆಗೆದ ಮೇಲೆ ನೆಟ್ಟಗಾಯಿತು.

ಅತ್ತೆ ಏರಿರಲೇ ಇಲ್ಲ. ಕಾಯಿಗಳು ಇಳಿದಿದ್ದವು. ಕಾಯಿ ಒಣಗಿದರೆ ತೂಕ ಕಡಿಮೆಯಾಗುತ್ತದೆ ಎಂಬುದನ್ನು ಈ ಕರಾವಳಿಯ ಎಳೆಮಗುವೂ ಬಲ್ಲದು. ನಾನೂ ಬಲ್ಲೆ. ಆದರೆ ನನ್ನ ಮಟ್ಟಿಗೆ ಅವು ಕಾಯಿಗಳಾಗಿರಲಿಲ್ಲ, ತೂಕದ ಕಲ್ಲುಗಳಾಗಿದ್ದವು.

ಯಜಮಾನರನ್ನು ಕರೆದು ತೋರಿಸಿದೆ. ಅವರು ಹಳೆಯದೊಂದು, ಹೊಸದೊಂದು ಕಾಯಿ ಕೈಯಲ್ಲಿ ಹಿಡಿದು ನೋಡಿ ಕೆಳಗಿಟ್ಟರು. “ಕಾಯಿ ಒಣಗಿದ್ರೆ ಒಣಗ್ಲಿ ಮಾರಾಯ. ತಾನ್ ತಿನ್ನಲಿಲ್ಲೆ ಅಂತ ಅವ್ಳ್ ಅವತ್ತ್ ಒಂದ್ ಮಾತ್ ಹೇಳ್ದ್ಲಾ? ನೀನೇ ಕೇಂಡದ್ದಲ್ದಾ?”

ನನ್ನ ನಿಯಮವನ್ನೇ ನನ್ನ ಕೈಗೆ ಕೊಟ್ಟು ಹೋದರು.

ಅವತ್ತು ಬಚ್ಚಲಿನ ಪಕ್ಕ ನೆಲದ ಮೇಲೆ ಕೂತು, ಮೊದಲ ದಿನ ಮಾಡಬೇಕಾಗಿದ್ದನ್ನು ಮಾಡಿದೆ. ಕೇಳಿದೆ, ಕೇಳಿ ಸುಮ್ಮನಿದ್ದೆ. ಸುಡುವ ಬೇಸಿಗೆಯಲ್ಲಿ ಅತ್ತೆ ಎರಡು ಕಂಬಳಿ ಹೊದ್ದಿದ್ದರು. ಚರ್ಮ ಒಣಗಿ ಬಿಳಿ ಹುಡಿ ಏಳುತ್ತಿತ್ತು. ಹುಬ್ಬಿನ ಹೊರತುದಿ ಬೋಳಾಗಿತ್ತು. “ಕ್ಷೌರದವ ತಿಂಗ್ಳಿಗೆರಡ್ ಸಲ ಬತ್ತಿದ್ದ,” ಎಂದರು. “ಈಗ ಬಂದ್ರೂ ಕತ್ತಿಗ್ ಎಂತ ಸಿಕ್ಕುದಿಲ್ಲೆ ಅಂಬ. ಕೂದ್ಲೇ ಬಪ್ಪುದಿಲ್ಲೆ. ಹೋಯ್ಲಿ, ಅವ್ನಿಗೂ ಕೆಲ್ಸ ಕಮ್ಮಿ ಆಯ್ತ್.”

ಬೇರೆ ಹೆಂಗಸರ ತಲೆಯ ಕೂದಲು ಉದುರಿದ್ದರೆ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇವರ ತಲೆಯನ್ನು ನೋಡಿದವನು ಕ್ಷೌರದವನೊಬ್ಬನೇ.

ನಾಡಿ ಬೇಕಿತ್ತು. “ಅತ್ತೆ, ನಿಮ್ ಕೈ ನೀವೇ ಹಿಡ್ಕಣಿ. ಇಲ್ಲಿ, ಹೆಬ್ಬೆಟ್ಟಿನ ಬುಡದಲ್ಲಿ. ಬಡಿತ ಸಿಕ್ತಾ? ಒಂದೊಂದ್ ಬಡಿತಕ್ಕೂ ರಾಮ ಅನ್ನಿ.” ಡಾಕ್ಟರ ಗಡಿಯಾರ ನನ್ನ ಅಂಗೈಯಲ್ಲಿತ್ತು. ಅತ್ತೆ ಕಣ್ಣು ಮುಚ್ಚಿ, ರಾಮ, ಎಂದರು. ಮತ್ತೊಂದು ರಾಮ ಬರುವಷ್ಟರಲ್ಲಿ ಮರೆತರೇನೋ ಅನ್ನಿಸಿತು. ನಿಮಿಷಕ್ಕೆ ನಲವತ್ತನಾಲ್ಕು. ಇನ್ನೊಮ್ಮೆ ಎಣಿಸಿದೆ. ಅಷ್ಟೇ.

ದವಾಖಾನೆಗೆ ಬಂದು ಎಲ್ಲ ಹೇಳಿದೆ. ಡಾಕ್ಟರು ಹಳೆಯ ಪುಸ್ತಕ ತೆಗೆದು ಒಂದು ಪುಟ ಹುಡುಕಿ ನನ್ನ ಎದುರಿಟ್ಟರು. “ಕುತ್ತಿಗಿಲ್ ಒಂದ್ ಗ್ರಂಥಿ ಇತ್ತ್. ಅದ್ ಸೋತಿತ್. ಸೋತ್ರೆ ಮೈ ಊದುದ್, ಚಳಿ, ನಿದ್ರಿ, ಯಾವುದಕ್ಕೂ ಮನ್ಸಾಗ್ದೇ ಇಪ್ಪುದ್, ಎಲ್ಲ ಬತ್ತ್. ಉಪವಾಸ ಹಾಕ್ರೆ ಸೋತವ್ರನ್ನ ಮತ್ತೂ ಸೋಲ್ಸಿದಂಗೆ.” ಪುಸ್ತಕ ಮುಚ್ಚಿ, “ನಾನೇ ಹೋಯ್ಕಿತ್ತ್,” ಎಂದರು.

ಮಾತ್ರೆ ಮಂಗಳೂರಿನಲ್ಲಿ ಸಿಗಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿದ್ದ ಡಾಕ್ಟರ ಸಂಬಂಧಿಕನೊಬ್ಬ ಹುಡುಕಿ, ಹಂಗಾರಕಟ್ಟೆ ಬಂದರಿಗೆ ಬರುವ ಮಚ್ವೆ ದೋಣಿಯಲ್ಲಿ ಕಳಿಸಿದ. ಧಕ್ಕೆಯಲ್ಲಿ ನಿಂತು ಸೀಸೆ ತೆಗೆದುಕೊಂಡು ಮೇಲಿನ ಇಂಗ್ಲಿಷ್ ಬರಹ ಓದಿದೆ. ಕುರಿಯ ಗ್ರಂಥಿಯನ್ನು ಒಣಗಿಸಿ ಮಾಡಿದ್ದು ಎಂದಿತ್ತು.

ದವಾಖಾನೆಗೆ ಬಂದ ಮೇಲೆ ಡಾಕ್ಟರು ಆ ಚೀಟಿಯನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ತೆಗೆದರು. “ಪೊಟ್ಟಣ ಕಟ್ಟಿ ಕೊಡು. ಎಂತದ್ ಅಂತ ಹೇಳ್ಬೇಡ.”

“ಅದ್ ಸುಳ್ಳಲ್ದಾ?”

“ಸುಳ್ಳ್ ಹೇಳುದ್ ಬೇರೆ, ಹೇಳ್ದೇ ಇಪ್ಪುದ್ ಬೇರೆ. ಆ ಹೆಂಗ್ಸ್ ಬದುಕ್ಲಿ ಮೊದ್ಲ್.”

ಇದಕ್ಕೆ ಉತ್ತರ ನನ್ನ ಬಳಿ ಇತ್ತು. ಆದರೂ ಪೊಟ್ಟಣ ಕಟ್ಟಿದೆ. ಮೊದಲು ದಿನಕ್ಕೆ ಅರ್ಧ ಮಾತ್ರೆ, ಆಮೇಲೆ ಒಂದು. ಪಥ್ಯ ರದ್ದು ಮಾಡಿ, ಮಧ್ಯಾಹ್ನ ಹೊಟ್ಟೆ ತುಂಬ ಊಟ, ಸಂಜೆಗೆ ಅವಲಕ್ಕಿ ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಹೋದೆ. ಕಾಯಿಗಳ ಬದಲು ಹೊಳೆಯ ಕಲ್ಲು ತಂದು, ತೊಳೆದು, ಒಂದೊಂದಕ್ಕೂ ಸುಣ್ಣದ ಗುರುತು ಹಾಕಿದೆ.

ರಾಮನಾಮ ನಲವತ್ತನಾಲ್ಕರಿಂದ ಐವತ್ತೆರಡಾಯಿತು, ಅರವತ್ತಾರಾಯಿತು. ಮುಖದ ಊತ ಇಳಿದು ಎಲುಬು ಕಂಡಿತು, ಅಣ್ಣನಿಗಿದ್ದ ಹಾಗೆಯೇ ಚೂಪು ಗಲ್ಲ. ಬಲೆಯಿಂದ ಒಂದೊಂದೇ ಕಲ್ಲು ಹೊರಗೆ ಬಂತು. ಒಂದು ದಿನ ನಾನು ಸೈಕಲ್ ಇಳಿಯುವಾಗ ಅತ್ತೆ ಕೆರೆಯ ಮೆಟ್ಟಿಲಿನಿಂದ ಕೊಡ ತುಂಬಿಕೊಂಡು ಹತ್ತಿ ಬರುತ್ತಿದ್ದರು. “ಹ್ವಾಯ್ ಕಂಪೌಂಡರ್ರೇ,” ಎಂದು ಕೂಗಿದರು. ಆ ದನಿಯನ್ನು ನಾನು ಮೊದಲ ಸಲ ಕೇಳಿದ್ದು ಅವತ್ತು. ತೆಳ್ಳಗಿನ, ಚುರುಕು ದನಿ. “ಸುತ್ತ್ ಎಣ್ಸುಕ್ ಬಂದ್ರ್ಯಾ? ಇವತ್ತ್ ಹದ್ನೈದ್ ಆಯ್ತ್, ಯಾರೂ ಹೇಳ್ದೆ.”

ಅದೇ ವಾರ ಅಂಗಡಿ ಕಟ್ಟೆಯಲ್ಲಿ ಯಜಮಾನರು ನಾಲ್ಕು ಜನರ ಎದುರು ನನ್ನ ಬೆನ್ನು ತಟ್ಟಿದರು. “ಉಗ್ರಾಣಕ್ಕೆ ಬೀಗ ಬಿದ್ದದ್ದೇ ಇಳಿತ್ ಕಾಣಿ. ಈ ಮಾಣಿ ಕಂಡ್ಹಿಡಿದದ್ದ್.”

ಮಾತ್ರೆಯಿಂದ ಇಳಿದದ್ದು ಎಂದೆ. “ಮದ್ದಿಗೆ ಯಾರಾರೂ ಇಳಿತ್ರಾ?” ಎಂದು ಒಬ್ಬ ನಕ್ಕ. ಎಲ್ಲರೂ ನಕ್ಕರು.

ನೇರ ಅತ್ತೆಯ ಬಳಿ ಹೋದೆ. ಚಾಚುಮಾಡಿನಡಿ ಕೂತು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಸುದ್ದಿ ನನಗಿಂತ ಮೊದಲೇ ತಲುಪಿತ್ತು.

“ಊದಿಪ್ಪತ್ತಿಗೆ ಬರೀ ಸಂಶಯ ಇತ್ತ್ ಮಾಣಿ,” ಎಂದರು. “ಇಳಿದ್ ಮೇಲೆ ಖಾತ್ರಿ ಆಯ್ತ್. ನನ್ ಮೈಯೇ ನನ್ ಮೇಲ್ ಸಾಕ್ಷಿ ಹೇಳ್ತ್.”

“ನಾ ಹೇಳ್ತೆ ಅತ್ತೆ. ಡಾಕ್ಟ್ರೂ ಹೇಳ್ತ್ರ್. ಇದ್ ಕಾಯಿಲೆ, ಮದ್ದಿಂದ ವಾಸಿ ಆದದ್ದ್ ಅಂತ ನಾವಿಬ್ರೂ ಎಲ್ಲರೆದ್ರ್ ಕೂಕಂಡ್ ಹೇಳ್ತೊ. ಒಲಿ ನಿಮ್ಗೆ ತಿರ್ಗಿ ಬತ್ತ್.”

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. “ಅಣ್ಣಯ್ಯ ಕೇಂತ. ಪುರೋಹಿತ್ರ್ ಕೇಂತ್ರ್. ಆ ಮದ್ದ್ ಎಂತದ್ರಿಂದ ಮಾಡ್ದ್ ಅಂತ. ಎಂತ ಹೇಳ್ತೆ?”

ಒಂದು ಬೇರಿನ ಹೆಸರು ನನ್ನ ನಾಲಗೆಗೆ ಬಂದಿತ್ತು. ಹೇಳಿದ್ದರೆ ಅತ್ತೆ ನಂಬುತ್ತಿದ್ದರು, ಊರೂ ನಂಬುತ್ತಿತ್ತು. ಆದರೆ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಈ ಹೆಂಗಸನ್ನು ಒಮ್ಮೆ ನಾನು ಸುಳ್ಳುಗಾತಿ ಮಾಡಿದ್ದೆ. ಈಗ ಅವರಿಗೇ ಸುಳ್ಳು ಹೇಳಿ ಅವರ ಮಾನ ಉಳಿಸುವುದೇ? ನಿಜ ತಿಳಿದು ಆಯ್ದುಕೊಳ್ಳುವ ಹಕ್ಕು ಅವರದ್ದು ಎಂದುಕೊಂಡೆ. ಇದು ಧೈರ್ಯವೋ, ಗೆಲ್ಲುವವನ ಹಳೆಯ ಚಟವೋ, ಇಂದಿಗೂ ನನಗೆ ಗೊತ್ತಿಲ್ಲ. ಹೇಳಿದೆ.

ಅವರು ಬತ್ತಿಗಳ ತಟ್ಟೆಯನ್ನು ತಮ್ಮಿಂದ ದೂರ ಸರಿಸಿದರು. ದೇವರಿಗೆ ಹೋಗುವ ಬತ್ತಿ.

“ಎಷ್ಟ್ ದಿನ ತಿಂದೆ?”

“ಎಂಭತ್ತ್ ದಿನ ಆಯ್ತ್.”

ಹತ್ತಿ ಅಂಟಿದ ಬೆರಳುಗಳನ್ನು ಅತ್ತೆ ಸೆರಗಿಗೆ ಒರೆಸಿಕೊಂಡರು. “ಕದ್ದಳ್ ಅಂದ್ರ್. ಕದಿಲಿಲ್ಲೆ ಅಂತ ನಂಗ್ ಗೊತ್ತಿತ್ತ್. ಅದ್ರ ಮೇಲ್ ತಲಿ ಇಟ್ಕಂಡ್ ಮಲ್ಕಂತಿದ್ದೆ. ಇನ್ನ್ ಎಂತದ್ರ ಮೇಲ್ ಮಲ್ಕಂಬುದ್?”

ನಾನು ವಾದ ಮಾಡಿದೆ. ಅಷ್ಟು ಮನಸ್ಸಿಟ್ಟು ಎಂದೂ ಮಾಡಿರಲಿಲ್ಲ. ಮದ್ದಿಗೆ ಜಾತಿ ಇಲ್ಲ ಎಂದೆ. ಆಪದ್ಧರ್ಮ ಎಂದೆ. ತಿಳಿಯದೆ ಆದದ್ದಕ್ಕೆ ದೋಷವಿಲ್ಲ, ತಿಳಿದ ಮೇಲೂ ಪ್ರಾಣಕ್ಕಾಗಿ ದೋಷವಿಲ್ಲ ಎಂದೆ. ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ಬಿಡಿಸಿ ಹೇಳಿದೆ. ಅತ್ತೆ ಒಂದು ಮಾತಿಗೂ ಅಡ್ಡ ಬರಲಿಲ್ಲ.

“ನೀ ಚಂದ ಮಾತಾಡ್ತೆ ಮಾಣಿ,” ಎಂದರು ಕೊನೆಗೆ. “ಅವತ್ತೂ ಚಂದ ಮಾತಾಡ್ದೆ.”

ಉಳಿದ ಪೊಟ್ಟಣಗಳನ್ನು ತಂದು ನನ್ನ ಎದುರು ನೆಲದ ಮೇಲಿಟ್ಟರು. ಮದ್ದಿನ ವಿಷಯ ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡರು. ಹೇಳಿದರೆ ಬಚ್ಚಲಿನ ಮೂಲೆಯೂ ಇರುತ್ತಿರಲಿಲ್ಲ.

ಊತ ಒಮ್ಮೆಗೇ ಬರಲಿಲ್ಲ. ಮೊದಲು ದನಿ ಹೋಯಿತು. ಆಮೇಲೆ ಕೆರೆಯ ಸುತ್ತು ನಿಂತಿತು, ಆಮೇಲೆ ಕಂಬಳಿ ಬಂತು. ಡಾಕ್ಟರು ತಾವೇ ಎರಡು ಸಲ ಹೋದರು. ಅತ್ತೆ ಕೈ ಮುಗಿದರು, ಮಾತ್ರೆಗೆ ಬಾಯಿ ತೆರೆಯಲಿಲ್ಲ. “ಬೀಗ ಮುರ್ದ್ ತಿಂತ್ಳೋ ಏನೋ,” ಎಂದು ಮನೆಯಲ್ಲಿ ನಗೆಯಾಡಿದರಂತೆ. ಮರುವರ್ಷದ ಆಷಾಢದ ಮಳೆಯಲ್ಲಿ, ಹಗಲು ಊಟಕ್ಕೆ ಕರೆಯಲು ಹೋದವರು ಎಷ್ಟು ಕರೆದರೂ ಅತ್ತೆ ಏಳಲಿಲ್ಲ.

ಅವರು ಇರುವವರೆಗೆ ಮಾತು ಉಳಿಸಿಕೊಂಡೆ. ಈಗ ಮನೆಯ ಹೆಸರು ಹೇಳದೆ ಬರೆದಿದ್ದೇನೆ.

ಮಳೆ ಮುಗಿದ ಮೇಲೆ ಯಜಮಾನರು ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿಸಿಕೊಳ್ಳಲು ದವಾಖಾನೆಗೆ ಬಂದರು. ಬೆಂಚಿನ ಮೇಲೆ ಕೂತು ಕಾಲು ಚಾಚಿದರು. ನಾನು ಕೆಳಗೆ ಕೂತು ಕೀವು ಒರೆಸುತ್ತಿದ್ದೆ.

“ಒಳ್ಳೆ ಹೆಂಗ್ಸ್ ಮಾರಾಯ,” ಎಂದರು. ದನಿಯಲ್ಲಿ ನಿಜವಾದ ದುಃಖವೇ ಇತ್ತು. “ಇಪ್ಪತ್ತೈದ್ ವರ್ಷ ನಮ್ಗೆ ಬೇಯ್ಸಿ ಹಾಕ್ದಳ್. ಆ ಬಾಯಿ ಚಪಲ ಒಂದ್ ಇಲ್ದೇ ಇದ್ದಿದ್ರೆ.”

ಪಟ್ಟಿಯ ತುದಿಯನ್ನು ಕೈಯಲ್ಲೇ ಹಿಡಿದು ತಲೆಯೆತ್ತಿದೆ. ಮೊದಲ ದಿನ, ಕೊಟ್ಟಿಗೆಗೆ ಅಡ್ಡ ಕಟ್ಟುವ ಮೊದಲೇ ಕೇಳಬೇಕಾಗಿದ್ದನ್ನು ಆಗ ಕೇಳಿದೆ.

“ಯಜಮಾನ್ರೇ, ತಿಂಗ್ಳ್ ತಿಂಗ್ಳ್ ಉಗ್ರಾಣದ ಅಕ್ಕಿ ಅಳೆದವ್ರ್ ನೀವೇ. ಅವ್ರ ಕೈಯಲ್ ಬೀಗದ ಕೈ ಇದ್ದಷ್ಟ್ ವರ್ಷ, ಒಂದ್ ಸಲ ಆರೂ, ಒಂದ್ ಸೇರ್ ಆರೂ ಕಮ್ಮಿ ಬಂದದ್ದ್ ಇತ್ತಾ?”